ಇನ್ನೊಂದೇ ಒಂದು ಕುರ್ಚಿ

ರಾತ್ರಿ ಹನ್ನೊಂದೂ ನಲವತ್ತಕ್ಕೆ ಮೊಬೈಲ್ ಗುಂಯ್‌ಗುಟ್ಟಿತು. ‘ಮೇಡಂ, ವೇದಿಕೆಗೆ ಇನ್ನೊಂದೇ ಒಂದು ಕುರ್ಚಿ ಸೇರಿಸಿಬಿಡಿ.’ ಕೊನೆಯಲ್ಲಿ ಕೈಮುಗಿದ ಚಿತ್ರ. ಬೆಳಿಗ್ಗೆ ಒಂಬತ್ತೂವರೆಗೆ ಉದ್ಘಾಟನೆ. ಆ ಕೈಮುಗಿದ ಚಿತ್ರವನ್ನು ಮೊಬೈಲಿಗೆ ತಂದವರು ಯಾರೋ, ನಮ್ಮ ಕಸುಬಿಗೆ ಅವರು ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ. ಅದೊಂದು ಇಲ್ಲದಿದ್ದರೆ ನೆಟ್ಟಗೆ ಜಗಳವಾಡಬಹುದಿತ್ತು.

ಕುರ್ಚಿಗೇನು ಬರವೇ ಎಂದು ನೀವು ಕೇಳಬಹುದು. ಹೋಟೆಲಿನ ಉಗ್ರಾಣದಲ್ಲಿ ಸೂರು ಮುಟ್ಟುವಷ್ಟು ಪೇರಿಸಿಟ್ಟಿರುತ್ತಾರೆ, ನಿಜ. ಆದರೆ ವೇದಿಕೆಯ ಕುರ್ಚಿ ಒಂಟಿಯಾಗಿ ಬರುವ ಪ್ರಾಣಿಯಲ್ಲ. ನಾಮಫಲಕ, ನೀರಿನ ಬಾಟಲಿ, ಶಾಲು, ಮೈಸೂರು ಪೇಟ, ಸ್ಮರಣಿಕೆ, ನಿರೂಪಕಿಯ ಚೀಟಿಯಲ್ಲಿ ಎರಡು ಸಾಲು ಹೊಗಳಿಕೆ, ವಂದನಾರ್ಪಣೆಯಲ್ಲಿ ಮತ್ತೆ ಅದೇ ಎರಡು ಸಾಲು, ಎಲ್ಲವೂ ಅದರ ಹಿಂದೆ ದಿಬ್ಬಣ ಹೊರಟು ಬರುತ್ತವೆ. ಅದೂ ಹೋಗಲಿ. ಐವರಿದ್ದರೆ ನಡುವಿನ ಕುರ್ಚಿ ಮುಖ್ಯ ಅತಿಥಿಯದು, ಮಾತು ಮುಗಿಯಿತು. ಆರು ಜನರಾದರೆ ನಡುವೇ ಇರುವುದಿಲ್ಲ. ನಡುವೆ ಸಿಗುವುದು ಎರಡು ಕುರ್ಚಿಗಳ ಸಂದು. ಕಂಪನಿಯ ಯಜಮಾನರು ಆ ಸಂದಿನ ಎಡಕ್ಕೆ ಕೂತರೋ ಬಲಕ್ಕೆ ಕೂತರೋ ಎಂಬುದರ ಮೇಲೆ ನನ್ನ ಮುಂದಿನ ವರ್ಷದ ಕೆಲಸ ನಿಂತಿರುತ್ತದೆ.

ಬೆಂಗಳೂರಿನಲ್ಲಿ ಬೇರೆಯವರ ಸಮಾವೇಶಗಳನ್ನು ನಡೆಸಿಕೊಡುತ್ತ 18 ವರ್ಷವಾಯಿತು. ಈ ಉದ್ಯಮಕ್ಕೆ ‘ಮೈಸ್’ ಎಂಬ ಹೆಸರಿದೆ: ಮೀಟಿಂಗ್, ಇನ್ಸೆಂಟಿವ್, ಕಾನ್ಫರೆನ್ಸ್, ಎಕ್ಸಿಬಿಷನ್‌ಗಳ ಇಂಗ್ಲಿಷ್ ಮೊದಲಕ್ಷರಗಳು. ನನ್ನ ವಿಸಿಟಿಂಗ್ ಕಾರ್ಡ್ ಓದಿದ ದೊಡ್ಡಪ್ಪ, ‘ಇಲಿ ಪಾಷಾಣದ ವ್ಯಾಪಾರವೇನಮ್ಮ?’ ಎಂದಿದ್ದರು. ಊರಿನ ಉಳಿದವರಿಗೆ ನಾನು ಇಂದಿಗೂ ಶಾಮಿಯಾನದವಳು. ಇಷ್ಟು ವರ್ಷ ವೇದಿಕೆಯ ಪಕ್ಕದ ಪರದೆಯ ಸಂದಿನಲ್ಲಿ ನಿಂತು ನೋಡಿದ್ದರಿಂದ ಮನುಷ್ಯ ಸ್ವಭಾವದ ಬಗ್ಗೆ ನನಗೊಂದು ಸತ್ಯ ಹೊಳೆದಿದೆ. ಅದನ್ನು ಬರೆಯುವುದಕ್ಕೆಂದೇ ಕೂತಿದ್ದೇನೆ. ಆದರೆ ಮೊದಲು ದೀಪದ ಸಂಗತಿ ಹೇಳಬೇಕು.

ನಾವು ಬಾಡಿಗೆಗೆ ತರುವ ಹಿತ್ತಾಳೆಯ ದೀಪಕ್ಕೆ ಐದು ಮುಖ. ಎಸಿ ಸಭಾಂಗಣದಲ್ಲಿ ಆ ಐದನ್ನು ಹೊತ್ತಿಸುವುದೆಂದರೆ ಗಾಳಿಯೊಂದಿಗೆ ಕುಸ್ತಿ. ಕೋಟು ತೊಟ್ಟವರು ಬೆವರಬಾರದೆಂದು ಗಾಳಿಯನ್ನು ನೇರವಾಗಿ ವೇದಿಕೆಗೇ ಬಿಟ್ಟಿರುತ್ತಾರೆ. ಬತ್ತಿಯನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿ, ತುದಿಯನ್ನು ಒಮ್ಮೆ ಹೊತ್ತಿಸಿ ಆರಿಸಿ ಕಪ್ಪು ಮಾಡಿಕೊಂಡು, ಅದರ ಮೇಲೊಂದು ಕರ್ಪೂರದ ಚೂರು ಕೂರಿಸಬೇಕು. ಕರ್ಪೂರವನ್ನು ಬೇಗ ಇಟ್ಟರೆ ಗಾಳಿಗೆ ಕರಗಿಹೋಗುತ್ತದೆ. ಅತಿಥಿಗಳು ಲಿಫ್ಟ್ ಹತ್ತಿದರೆಂಬ ಸುದ್ದಿ ಬಂದ ಮೇಲೆಯೇ ಇಡಬೇಕು. ಬತ್ತಿ ಅಮ್ಮ ಹೊಸೆದದ್ದೇ ಆಗಬೇಕು. ಅಂಗಡಿಯ ಬತ್ತಿ ಸಡಿಲ, ಎಣ್ಣೆ ಕುಡಿದು ಮಲಗಿಬಿಡುತ್ತದೆ. ಇನ್ನು ತಲೆಯ ಮೇಲೆ ಸ್ಮೋಕ್ ಡಿಟೆಕ್ಟರ್. ಹೋಟೆಲಿನವರಿಗೆ ಪತ್ರ ಬರೆದು ಸಹಿ ಹಾಕಿಸಿಕೊಂಡರೆ ಹತ್ತು ನಿಮಿಷದ ಮಟ್ಟಿಗೆ ಅದನ್ನು ಸುಮ್ಮನಿರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಔಷಧ ಕಂಪನಿಯೊಂದರ ಸಮಾವೇಶ. ಮುನ್ನೂರು ಜನ. ಅಂದೂ ಹೀಗೆಯೇ ಕೊನೆಯ ಗಳಿಗೆಯಲ್ಲಿ ಆರನೆಯ ಕುರ್ಚಿ ಬಂತು. ಪುಣೆಯಿಂದ ಬಂದಿದ್ದ ಯಾರೋ ವಲಯ ಮುಖ್ಯಸ್ಥರು. ಬಹಳ ಸಂಕೋಚದ ಮನುಷ್ಯ. 9.35ರಿಂದ ಹತ್ತು ನಿಮಿಷ ಡಿಟೆಕ್ಟರ್ ಮೌನವ್ರತ. ಮುಖ್ಯ ಅತಿಥಿಗಳು ದೀಪದ ಬಳಿ ಬಂದಾಗ 9.41. ಅವರು ಹಚ್ಚಿದ ಮೊದಲ ಬತ್ತಿ ಚಕ್ಕನೆ ಹೊತ್ತಿತು. ಛಾಯಾಗ್ರಾಹಕ, ‘ಸರ್, ಹಾಗೇ ಇರಿ, ಇಲ್ಲಿ ನೋಡಿ’ ಎಂದ. ಅವರು ಹಾಗೇ ಇದ್ದರು. ಮೇಣ ಮಾತ್ರ ಹಾಗೇ ಇರದೆ ಅವರ ಹೆಬ್ಬೆರಳಿನ ಮೇಲೆ ಇಳಿಯಿತು. ಮೇಣದಬತ್ತಿ ಕೈಯಿಂದ ಕೈಗೆ ದಾಟಿ ಐವರೂ ಹಚ್ಚಿದರು. ಆರನೆಯವರ ಕೈಗೆ ಬಂದಾಗ ಹಚ್ಚುವುದಕ್ಕೆ ಬತ್ತಿಯೇ ಉಳಿದಿರಲಿಲ್ಲ. ಮುನ್ನೂರು ಜನ ನೋಡುತ್ತಿದ್ದಾರೆ. ಪಾಪ, ಬರಿಗೈಯಲ್ಲಿ ತಿರುಗಿ ಹೋಗಿ ಕೂರಲು ಅವರಿಗೂ ನಾಚಿಕೆ. ಉರಿಯುತ್ತಿದ್ದ ಬತ್ತಿಯೊಂದನ್ನೇ ಮತ್ತೆ ಹಚ್ಚಲು ಹೋದರು. ಅದು ಜಾರಿ ಎಣ್ಣೆಗೆ ಬಿದ್ದು ಚುಂಯ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ಬೆಂಗಳೂರಿನ ಸಭಿಕರು ದೀಪ ಹತ್ತಿದರೂ ತಟ್ಟುತ್ತಾರೆ, ಆರಿದರೂ ತಟ್ಟುತ್ತಾರೆ.

ನಾನು ಪರದೆಯ ಹಿಂದಿನಿಂದ ಹೆಚ್ಚುಕಡಿಮೆ ತೆವಳಿಕೊಂಡು ಬಂದು ಬತ್ತಿಯನ್ನು ಎತ್ತಿ ಕೂರಿಸಿ, ಗಾಬರಿಯಲ್ಲಿ ಒಂದು ಚೂರಿನ ಬದಲು ಕರ್ಪೂರದ ಇಡೀ ಬಿಲ್ಲೆ ಇಟ್ಟೆ. ಅವರು ಹಚ್ಚಿದರು. ಕಪ್ಪು ಹೊಗೆ ಸುರುಳಿ ಸುತ್ತುತ್ತ ಮೇಲೇರಿತು. 9.46. ಸಭಾಂಗಣದ ಎಲ್ಲ ಮೂಲೆಗಳಿಂದ ಒಬ್ಬ ಹೆಣ್ಣುಮಗಳು ಇಂಪಾದ ಇಂಗ್ಲಿಷಿನಲ್ಲಿ, ಗಾಬರಿಯಾಗದೆ ಹತ್ತಿರದ ಬಾಗಿಲಿನಿಂದ ಹೊರನಡೆಯಿರಿ ಎಂದು ವಿನಂತಿಸಿದಳು. ಸಭಿಕರಲ್ಲಿ ಅರ್ಧ ಜನ ಅದನ್ನು ನಿರೂಪಣೆ ಎಂದುಕೊಂಡರು. ಒಬ್ಬರೂ ಗಾಬರಿಯಾಗಲಿಲ್ಲ. ಭಾಷಣಕ್ಕೆ ಮೊದಲೇ ಕಾಫಿ ಬಿಟ್ಟರಲ್ಲ ಎಂದು ಖುಷಿಯಾಗಿ ಎದ್ದು ಹೊರಟರು. ಕಾಫಿ ಇದ್ದದ್ದು ಹನ್ನೊಂದಕ್ಕೆ. ಹೋಟೆಲಿನವರು ಏನೂ ಅನ್ನದೆ ಬಡಿಸಿದರು, ಬಿಲ್ಲಿನಲ್ಲಿ ಅಂದರು: ಹೆಚ್ಚುವರಿ ಕಾಫಿ, ಮುನ್ನೂರು. ಕಂಪನಿ ಕೊಡುವುದಿಲ್ಲ ಎಂದಿತು. ಕೊಟ್ಟವಳು ನಾನು. ಪುಣೆಯ ಮಹಾನುಭಾವರು ಹೋಗುವಾಗ ನನ್ನ ಬಳಿ ಬಂದು, ಕಾರ್ಯಕ್ರಮ ತುಂಬ ಅಚ್ಚುಕಟ್ಟಾಗಿತ್ತು ಎಂದು ಕೈಮುಗಿದರು. ನನಗೆ ಆ ಚಿತ್ರ ಕಂಡರಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಗುಂಡಿ ಒತ್ತಿ ಉದ್ಘಾಟಿಸುವ ವಿದ್ಯುತ್ ದೀಪಗಳಿವೆಯಲ್ಲ ಎನ್ನುತ್ತಾರೆ. ಇವೆ. ಗುಂಡಿ ಒಂದು, ಬೆರಳು ಆರು.

2021ರಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಾಗ ನಾನು ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ. ಮರುವರ್ಷ ನಾಡಗೀತೆಗೆ 2 ನಿಮಿಷ 30 ಸೆಕೆಂಡು ಎಂದು ನಿಗದಿಯಾದಾಗ ಇನ್ನೊಮ್ಮೆ. ನನ್ನ ನಿಮಿಷವಾರು ಪಟ್ಟಿಯಲ್ಲಿ ಹೇಳಿದಷ್ಟೇ ಹೊತ್ತು ನಡೆಯುವುದು ಅದೊಂದೇ. ವಂದನಾರ್ಪಣೆಗೂ ಅಂಥದೊಂದು ಆದೇಶ ಬಂದೀತೆಂದು ಕಾಯುತ್ತಿದ್ದೇನೆ. ತಡವಾಗಿ ಬರುವವರಿಗೆ ಮಾತ್ರ ಯಾವ ಸರ್ಕಾರವೂ ಮದ್ದು ಕಂಡುಹಿಡಿಯಲಾರದು. ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಕಾರ್ಯಕ್ರಮವಿದ್ದರೆ ಮೊದಲೆಲ್ಲ ಟ್ರಾಫಿಕ್ಕಿನ ನೆಪ ಹೇಳುತ್ತಿದ್ದರು. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮೆಟ್ರೊ ಬಂತು. ಈಗ ಮೆಟ್ರೊದಲ್ಲಿ ಕೂರಲು ಜಾಗ ಸಿಗುವ ತನಕ ಕಾದೆವು ಎನ್ನುತ್ತಾರೆ.

ಎಲ್ಲಿದ್ದೆ? ಹೌದು, ಆ ಸತ್ಯ. ಮನುಷ್ಯನಿಗೆ ವೇದಿಕೆಯೆಂದರೆ ಏಕೆ ಅಷ್ಟು... ತಡೆಯಿರಿ, ಮತ್ತೆ ಗುಂಯ್‌ಗುಟ್ಟಿತು. ಆರನೆಯವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ‘ಎ’ ಬರಬೇಕಂತೆ, ಅವರು ಸಂಖ್ಯಾಶಾಸ್ತ್ರ ನಂಬುತ್ತಾರಂತೆ. ನಾಮಫಲಕ ಮಾಡುವ ಹುಡುಗನನ್ನು ಈಗ ಎಬ್ಬಿಸಬೇಕು. ಆಗಲಿ ಸರ್, ಎಂದು ಬರೆದೆ. ಜೊತೆಗೆ ಕೈಮುಗಿದ ಚಿತ್ರವನ್ನೂ ಹಾಕಿದೆ, ಎರಡು.

ದೀಪದ ಆರನೆಯ ಮುಖದ್ದೂ ಒಂದು ದಾರಿ ನೋಡಬೇಕಲ್ಲ. ದೇವರ ಮನೆಯಿಂದ ಪುಟ್ಟ ಕಾಲುದೀಪವೊಂದನ್ನು ತಂದು ದೊಡ್ಡದರ ಪಕ್ಕದಲ್ಲಿಟ್ಟರೆ ಹೇಗೆ ಎಂದು ಯೋಚಿಸುತ್ತ ಅಡುಗೆಮನೆಗೆ ಹೋದೆ. ಸದ್ದಿಗೆ ಅಮ್ಮ ಎದ್ದುಬಂದಳು. ಹತ್ತಿಯ ಡಬ್ಬಿ ಕಂಡದ್ದೇ ಏನನ್ನೂ ಕೇಳದೆ ಕೂತು ಸೀರೆಯ ಮಂಡಿಯ ಮೇಲೆ ಬತ್ತಿ ಹೊಸೆಯತೊಡಗಿದಳು. ಐದು ಮುಗಿದ ಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

‘ಹತ್ತು ಮಾಡಮ್ಮ’ ಎಂದೆ. ‘ಬೆಳಗಾಗುವುದಕ್ಕೆ ಇನ್ನೂ ಆರು ಗಂಟೆಯಿದೆ.’