ವರ್ನನ್ ಡಾಮರ್ ಅವರನ್ನು ಕೊಂದದ್ದು ಕಾಯ್ದೆ ಬಂದ ಮೇಲೆ

ಅಮೆರಿಕದ ಕಪ್ಪುಜನರ ಮತದಾನದ ಹೋರಾಟ ಅಂದರೆ ಪೊಲೀಸರು ಮೆರವಣಿಗೆಯವರನ್ನು ಬಡಿದ ಸೆಲ್ಮಾ ಸೇತುವೆ, ಮಾರ್ಟಿನ್ ಲೂಥರ್ ಕಿಂಗ್, 1965ರ ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಮತದಾನ ಹಕ್ಕು ಕಾಯ್ದೆ. ಕತೆಯನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ. ನನಗಿದು ಒಪ್ಪಿಗೆಯಿಲ್ಲ. ವರ್ನನ್ ಡಾಮರ್ ಅವರನ್ನು ಕೊಂದದ್ದು ಅದಾಗಿ ಐದು ತಿಂಗಳಿಗೆ.

ಮಿಸಿಸಿಪ್ಪಿಯ ಹ್ಯಾಟಿಸ್‌ಬರ್ಗ್ ಹತ್ತಿರದ ರೈತ. ಸ್ವಂತ ಜಮೀನು, ಸಾಮಿಲ್ಲು, ಕಿರಾಣಿ ಅಂಗಡಿ, ಮನೆ ತುಂಬ ಮಕ್ಕಳು. ತಮ್ಮ ಪಾಡಿಗೆ ತಾವು ಚೆನ್ನಾಗಿಯೇ ಇರಬಹುದಿತ್ತು. ಆದರೆ ಅಲ್ಲಿನ ಮತದಾರರ ನೋಂದಣಿ ಅಧಿಕಾರಿ ಥೆರನ್ ಲಿಂಡ್, ಹೆಸರು ಸೇರಿಸಲು ಬಂದ ಕಪ್ಪುಜನರ ಮುಂದೆ ರಾಜ್ಯ ಸಂವಿಧಾನದ ಯಾವುದೋ ಕಲಮು ಇಟ್ಟು ಅರ್ಥ ಬರೆಯಲು ಹೇಳುತ್ತಿದ್ದ. ಓದಿಕೊಂಡ ಮೇಷ್ಟ್ರುಗಳನ್ನೂ ಫೇಲು ಮಾಡಿ ಕಳಿಸುತ್ತಿದ್ದ. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಮುಖಂಡರಾಗಿದ್ದ ಡಾಮರ್ ಬೆನ್ನು ಬಿಡಲಿಲ್ಲ, ವರ್ಷಗಟ್ಟಲೆ ಜನರನ್ನು ಹುರಿದುಂಬಿಸಿ ಅದೇ ಕಚೇರಿಗೆ ಕಳಿಸಿದರು.

ಕಾಯ್ದೆಯಿಂದ ಆ ಪರೀಕ್ಷೆ ತೊಲಗಿತು. ರಾಜ್ಯದ ಚುನಾವಣೆಗಳಿಗೆ ತಲೆಗಂದಾಯ ಮಾತ್ರ ಉಳಿದಿತ್ತು. ವರ್ಷಕ್ಕೆ ಎರಡು ಡಾಲರ್, ರಸೀದಿ ಇದ್ದರೆ ಮಾತ್ರ ವೋಟು. ಕೂಲಿಯವರಿಗೆ ಅದು ಸಣ್ಣ ದುಡ್ಡಲ್ಲ, ಅದನ್ನು ಕಟ್ಟಲು ಕೋರ್ಟು ಕಚೇರಿಗೆ ಹೋಗುವ ಭಯವಂತೂ ಇನ್ನೂ ದೊಡ್ಡದು. 1966ರ ಜನವರಿಯಲ್ಲಿ ಡಾಮರ್ ರೇಡಿಯೋ ಮೂಲಕ ಊರಿಗೆಲ್ಲ ತಿಳಿಸಿದರು: ಕಂದಾಯವನ್ನು ನನ್ನ ಅಂಗಡಿಯಲ್ಲೇ ಕಟ್ಟಿ, ನಾನು ತಲುಪಿಸುತ್ತೇನೆ, ಇಲ್ಲದವರದ್ದು ನಾನೇ ಹಾಕುತ್ತೇನೆ.

ಜನವರಿ 10ರ ನಸುಕಿನಲ್ಲಿ ಬಿಳಿಯರ ಜನಾಂಗದ್ವೇಷಿ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನವರು ಎರಡು ಕಾರುಗಳಲ್ಲಿ ಬಂದು ಮನೆಗೂ ಅಂಗಡಿಗೂ ಪೆಟ್ರೋಲ್ ಸುರಿದು ಬೆಂಕಿ ಇಟ್ಟರು. ಡಾಮರ್ ಮುಂಬಾಗಿಲ ಕಡೆ ನಿಂತು ಅವರತ್ತ ಗುಂಡು ಹಾರಿಸುತ್ತಿದ್ದರೆ, ಅವರ ಹೆಂಡತಿ ಎಲ್ಲೀ ಡಾಮರ್ ಮಕ್ಕಳನ್ನು ಹಿಂದಿನಿಂದ ಹೊರಗೆ ದಾಟಿಸಿದರು. ಹತ್ತು ವರ್ಷದ ಮಗಳು ಬೆಟ್ಟಿಗೂ ಸುಟ್ಟ ಗಾಯ. ಬೆಂಕಿಯ ಝಳ ಕುಡಿದ ಡಾಮರ್ ಅವರ ಶ್ವಾಸಕೋಶ ಬೆಂದುಹೋಗಿತ್ತು. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 57. ಆಗ ಅವರ ನಾಲ್ವರು ಗಂಡುಮಕ್ಕಳು ಅಮೆರಿಕದ ಸೇನೆಯಲ್ಲಿದ್ದರು. ಸಮವಸ್ತ್ರದಲ್ಲೇ ಬಂದು ಸುಟ್ಟ ಮನೆಯ ಬೂದಿಯ ನಡುವೆ ನಿಂತ ಅವರ ಫೋಟೋ ನೋಡಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ವರ್ಷ ಮಾರ್ಚ್ 24ರಂದು ಸುಪ್ರೀಂ ಕೋರ್ಟು ರಾಜ್ಯ ಚುನಾವಣೆಗಳ ತಲೆಗಂದಾಯವನ್ನೂ ರದ್ದು ಮಾಡಿತು. ಇನ್ನೆರಡು ತಿಂಗಳು ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದರಲ್ಲ ಅನ್ನುವವರಿದ್ದಾರೆ. ಕಂದಾಯ ಕಟ್ಟಲು ಕಡೇ ದಿನ ಫೆಬ್ರವರಿ 1. ತೀರ್ಪು ಏನು ಬರುತ್ತದೋ ಯಾರಿಗೆ ಗೊತ್ತಿತ್ತು? ಕಾಯ್ದೆ ಪುಸ್ತಕದಲ್ಲಿರುತ್ತದೆ, ಅದನ್ನು ಬಡವರ ಮನೆಬಾಗಿಲಿಗೆ ಮುಟ್ಟಿಸಲು ರಸೀದಿ, ಲೆಕ್ಕ, ಓಡಾಟ ಅಂತ ಯಾರಾದರೂ ಮೈಮೇಲೆ ಹಾಕಿಕೊಳ್ಳಲೇಬೇಕು. ಡಾಮರ್ ಪ್ರಾಣ ಕೊಟ್ಟಿದ್ದು ಆ ಕೆಲಸಕ್ಕೆ. ಭಾಷಣಗಳಿಗಿಂತ ಒಂದು ಕೈ ಮೇಲೆಯೇ ನಾನದನ್ನು ಇಡುತ್ತೇನೆ.

ದಾಳಿಗೆ ಅಪ್ಪಣೆ ಕೊಟ್ಟ ಕ್ಲಾನ್ ಮುಖ್ಯಸ್ಥ ಸ್ಯಾಮ್ ಬವರ್ಸ್‌ಗೆ ಜೀವಾವಧಿ ಶಿಕ್ಷೆ ಆಗಲು 1998 ಬರಬೇಕಾಯಿತು. ಅಷ್ಟರಲ್ಲಿ ಹೆಂಡತಿ ಎಲ್ಲೀ ಡಾಮರ್ ಹ್ಯಾಟಿಸ್‌ಬರ್ಗ್ ಇರುವ ಅದೇ ಫಾರೆಸ್ಟ್ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಚುನಾವಣಾ ಆಯುಕ್ತರಾಗಿ ಗೆದ್ದು ಬಂದಿದ್ದರು.