ಮೀಟಿಂಗ್ ಕ್ಯಾನ್ಸಲ್ ಆದ ಸುಖ

ಸುಖ ಅಂದರೇನು ಅಂತ ಡಿಗ್ರಿ ಕಾಲೇಜಿನ ಮೇಷ್ಟ್ರುಗಳನ್ನು ರಜೆಯಲ್ಲಿ ಕೇಳಬಾರದು, ಸೆಮಿಸ್ಟರ್ ಮಧ್ಯದಲ್ಲಿ ಕೇಳಬೇಕು. ರಜೆಯಲ್ಲಿ ಊಟಿ, ಗೋವಾ, ಕಾಶಿಯಾತ್ರೆ ಅಂತ ದೊಡ್ಡ ದೊಡ್ಡ ಉತ್ತರ ಬರುತ್ತವೆ. ಸೆಮಿಸ್ಟರ್ ಮಧ್ಯದಲ್ಲಿ ಒಂದೇ ಉತ್ತರ: "ಮೂರೂವರೆ ಮೀಟಿಂಗ್ ಕ್ಯಾನ್ಸಲ್ ಅಂತೆ."

ಈ ಒಂದು ಸಾಲು ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದಾಗ ನಮ್ಮ ಸ್ಟಾಫ್ ರೂಮ್ ನೋಡಬೇಕು. ಯಾರೂ ಕುಣಿಯುವುದಿಲ್ಲ. ಎಲ್ಲರೂ ಮುಖ ಗಂಟಿಕ್ಕಿಕೊಂಡು "ಛೆ, ಮಾತಾಡೋದು ಬೇಕಾದಷ್ಟಿತ್ತಲ್ಲ" ಅನ್ನುತ್ತಾರೆ. ಹಾಗೆ ಅನ್ನುವಷ್ಟರಲ್ಲೇ ಒಬ್ಬರ ಬ್ಯಾಗಿನ ಜಿಪ್ ಎಳೆದಾಗಿರುತ್ತದೆ, ಇನ್ನೊಬ್ಬರು ಸ್ಕೂಟರ್ ಕೀಗೆ ಡ್ರಾಯರ್ ತಡಕಾಡುತ್ತಿರುತ್ತಾರೆ, ಕಾಮರ್ಸ್ ವಿಭಾಗದವರಂತೂ ಮೆಸೇಜ್ ಬರುವ ಮೊದಲೇ ಗೇಟ್ ದಾಟಿರುತ್ತಾರೆ. ಅವರಿಗೆ ಸುದ್ದಿ ಹೇಗೆ ಮೊದಲೇ ಗೊತ್ತಾಗುತ್ತದೆ ಅನ್ನುವುದು ಇವತ್ತಿಗೂ ಯಾರಿಗೂ ಬಗೆಹರಿದಿಲ್ಲ.

ನಾನು ತಿಪಟೂರಿನ ಕಡೆ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ತುಮಕೂರು, ದಿನಾ ಓಡಾಟ. ಅಸಿಸ್ಟೆಂಟ್ ಪ್ರೊಫೆಸರಿಗೆ ವಾರಕ್ಕೆ 16 ಗಂಟೆ ಪಾಠ ಅಂತ ಯುಜಿಸಿ ಲೆಕ್ಕ. ಇದನ್ನು ಬ್ಯಾಂಕಿನವರ ಮುಂದೆ ಮಾತ್ರ ಹೇಳಬಾರದು. "ವಾರಕ್ಕಾ? ನಾನೆಲ್ಲೋ ದಿನಕ್ಕೆ ಅಂದ್ಕೊಂಡೆ" ಅನ್ನುತ್ತಾರೆ. ನಮ್ಮತ್ತೆಯೂ ಅದನ್ನೇ ಅನ್ನುತ್ತಾರೆ, ಇನ್ನೂ ಮೆತ್ತಗೆ. ನಿಜ ಏನಂದರೆ ಆ 16 ಗಂಟೆಯೇ ನಮಗೆ ವಿಶ್ರಾಂತಿ. ಉಳಿದ ಹೊತ್ತಿನದ್ದೇ ಕೆಲಸ. ಐಎ ಅಂದರೆ ಇಂಟರ್ನಲ್ ಅಸೆಸ್‌ಮೆಂಟ್ ಟೆಸ್ಟು, ಅದರ ಮಾರ್ಕ್ಸು, ಮಾರ್ಕ್ಸನ್ನು ಪೋರ್ಟಲ್ಲಿಗೆ ಏರಿಸುವುದು, ಏರದಿದ್ದರೆ ರಾತ್ರಿ ಹನ್ನೊಂದಕ್ಕೆ ಎದ್ದು ಮತ್ತೆ ಏರಿಸುವುದು, ಹಾಜರಿ ಶೇ. 75 ಮುಟ್ಟದವರ ಪಟ್ಟಿ, ಆ ಪಟ್ಟಿಯಲ್ಲಿರುವವರ ಅಪ್ಪ ಅಮ್ಮನ ಫೋನು, ಮೆಂಟರ್ ರಿಜಿಸ್ಟರು. ಇದರ ಮೇಲೆ ಕಾಲೇಜುಗಳನ್ನು ಅಳೆದು ತೂಗುವ ನ್ಯಾಕ್‌ನವರ ಫೈಲು. ಅದಕ್ಕೆ ಏಳು ಕ್ರೈಟೀರಿಯಾ. ಸಪ್ತಸಾಗರ ದಾಟಿದವರು ಪುರಾಣದಲ್ಲಿ ಸಿಗುತ್ತಾರೆ, ಏಳೂ ಕ್ರೈಟೀರಿಯಾ ಒಬ್ಬರೇ ದಾಟಿದವರು ನನಗಂತೂ ಸಿಕ್ಕಿಲ್ಲ.

ಇಂಥ ಹೊತ್ತಿನಲ್ಲಿ ಗೆಳತಿಯೊಬ್ಬಳು ಒಂದು ಉಪಾಯ ಹೇಳಿಕೊಟ್ಟಳು. ದಿನಾ ಮೂರು ಸಂತೋಷದ ವಿಷಯ ಡೈರಿಯಲ್ಲಿ ಬರೆದಿಡಬೇಕಂತೆ. ತಿಂಗಳಲ್ಲಿ ಮುಖದ ಕಳೆಯೇ ಬದಲಾಗುತ್ತದಂತೆ. ಸರಿ, ನೀಲಿ ರಟ್ಟಿನ ಚೆಂದದ ಒಂದು ಡೈರಿ ತಂದೆ. ಮೊದಲ ಪುಟದಲ್ಲಿ "ಬೆಳಿಗ್ಗೆ ಕಾಫಿ ಹದವಾಗಿತ್ತು" ಅಂತ ಬರೆದು, ಎರಡನೆಯ ಸಂತೋಷ ಯೋಚಿಸುತ್ತಾ ಇರುವಾಗ ಬೆಲ್ಲಾಯಿತು. ಡೈರಿಯನ್ನು ಟೇಬಲ್ ಮೇಲೇ ಬಿಟ್ಟು ಕ್ಲಾಸಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ನನ್ನ ಕಾಫಿಯ ಕೆಳಗೆ ಯಾರೋ "ಓಓಡಿ ಮೇಲೆ ಬೆಂಗಳೂರಿಗೆ", ಅಂದರೆ ಕಾಲೇಜಿನ ಕೆಲಸದ ಮೇಲೆ, ಅಂತ ಬರೆದು ಟೈಮ್ ಹಾಕಿ ಸೈನ್ ಮಾಡಿದ್ದರು. ಮಾರನೆಯ ದಿನ ಅಟೆಂಡರ್ ಸ್ಕೇಲು ಇಟ್ಟು ನೀಟಾಗಿ ಗೆರೆ ಹೊಡೆದು ಕ್ರಮಸಂಖ್ಯೆ ಹಾಕಿಟ್ಟಿದ್ದ. ವಾರ ಕಳೆಯುವುದರೊಳಗೆ ಅದು ವಿಭಾಗದ ಮೂವ್‌ಮೆಂಟ್ ರಿಜಿಸ್ಟರ್ ಆಗಿ ಬಡ್ತಿ ಪಡೆಯಿತು. ಈಗ ಅದರಲ್ಲಿ ಕ್ರಮಸಂಖ್ಯೆ 1, ಹೊರಹೋದ ಕಾರಣ: ಬೆಳಿಗ್ಗೆ ಕಾಫಿ ಹದವಾಗಿತ್ತು. ಪಕ್ಕದಲ್ಲಿ ಎಚ್‌ಓಡಿ ಅವರ ಹಸಿರು ಶಾಯಿಯ ಸಹಿ, "ನೋಡಿದೆ".

ಅಲ್ಲಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಸೆಮಿಸ್ಟರಿನಲ್ಲಿ ಸಂತೋಷಕ್ಕೆ ಅಂತ ಬೇರೆ ಪುಟ, ಬೇರೆ ಟೈಮು ಇಟ್ಟರೆ ಅದು ಸೀದಾ ಆಫೀಸಿನ ಪಾಲಾಗುತ್ತದೆ. ಅದೇನಿದ್ದರೂ ಕೆಲಸದ ಸಂದಿಯಲ್ಲೇ ನುಸುಳಿಕೊಂಡು ಬರಬೇಕು, ಯಾರಿಗೂ ಗೊತ್ತಾಗದ ಹಾಗೆ.

ಲ್ಯಾಬಿನ ಕಥೆಯನ್ನೇ ತೆಗೆದುಕೊಳ್ಳಿ. ಟೈಟ್ರೇಷನ್ ಅಂದರೆ ಬಣ್ಣ ತಿರುಗಿ ನಿಲ್ಲುವ ತನಕ ಹನಿ ಹನಿ ಬಿಟ್ಟು, ಎಷ್ಟು ಹಿಡಿಯಿತು ಅಂತ ಅಳೆಯುವುದು. ಬ್ಯೂರೆಟ್ ಅನ್ನುವ ಅಳತೆ ಗೆರೆಯ ಗಾಜಿನ ಕೊಳವೆಯಲ್ಲಿ ಪೊಟ್ಯಾಸಿಯಮ್ ಪರ್ಮಾಂಗನೇಟ್, ಕೆಳಗೆ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಬಿಸಿ ಮಾಡಿದ ಆಕ್ಸಾಲಿಕ್ ಆಸಿಡ್. ಮೊದಲ ಕೆಲವು ಹನಿ ಬಿದ್ದಾಗ ನೇರಳೆ ಬಣ್ಣ ಸುಲಭಕ್ಕೆ ಹೋಗುವುದಿಲ್ಲ, ಹಠ ಹಿಡಿದು ನಿಲ್ಲುತ್ತದೆ. ಈ ರಿಯಾಕ್ಷನ್ನಿನಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದೆ ಅದೇ ರಿಯಾಕ್ಷನ್ನಿಗೆ ವೇಗ ಕೊಡುವುದು. ಅದು ಸ್ವಲ್ಪ ಹುಟ್ಟುವ ತನಕ ಕಾಯಬೇಕು, ಆಮೇಲೆ ಹನಿ ಬಿದ್ದದ್ದೇ ಬಣ್ಣ ಮಾಯ. ಇಷ್ಟನ್ನೂ ಬೋರ್ಡ್ ಮೇಲೆ ಬರೆದು, ಬಾಯಲ್ಲಿ ಹೇಳಿ, ಗಂಟಲು ಒಣಗಿಸಿಕೊಂಡು ಈಚೆ ಬಂದು ನಿಂತರೆ ಸಾಕು, ಮೂಲೆಯಿಂದ ಕೂಗು: "ಮೇಡಂ, ನಂದು ಮುಗೀತು! ರೀಡಿಂಗ್ 0.2!" ಪ್ರತಿ ಬ್ಯಾಚಿನಲ್ಲೂ ಒಬ್ಬನಿರುತ್ತಾನೆ. ಮೊದಲ ಹನಿಗೇ ಎಂಡ್ ಪಾಯಿಂಟ್, ಅಂದರೆ ಬಣ್ಣ ನಿಲ್ಲುವ ಕೊನೆಯ ಘಟ್ಟ, ಕಂಡ ಪುಣ್ಯಾತ್ಮ.

ಇನ್ನೊಂದು ಬೆಂಚಿನಲ್ಲಿ ಎಲ್ಲರದ್ದೂ 9.8. ಒಬ್ಬಳ ಬ್ಯೂರೆಟ್ಟಿನ ನಲ್ಲಿ ಸೋರುತ್ತಿದೆ, ಒಬ್ಬ ಇನ್ನೂ ಪಿಪೆಟ್ಟನ್ನೇ ತೊಳೆಯುತ್ತಿದ್ದಾನೆ, ಆದರೂ 9.8. ಇಂಥ ಒಗ್ಗಟ್ಟು ದೇಶದಲ್ಲಿ ಬೇರೆಲ್ಲೂ ಇಲ್ಲ. ಅವತ್ತು ಅದೇ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ 19.6 ಬರೆದುಕೊಂಡು ಅಳು ಮುಖ ಮಾಡಿ ನಿಂತಿದ್ದ. ವಿಚಾರಿಸಿದರೆ ಆಸಿಡ್ಡನ್ನು ಮರೆತು ಎರಡು ಸಲ ಹಾಕಿಕೊಂಡಿದ್ದಾನೆ. ಅಂದರೆ ಅವನ ಲೆಕ್ಕ ಬರೋಬ್ಬರಿ ಸರಿ. ಆ ಬೆಂಚಿನಲ್ಲಿ ನಿಜವಾಗಿ ಟೈಟ್ರೇಷನ್ ಮಾಡಿದವನು ಅವನೊಬ್ಬನೇ. ಇದು ಹೊಳೆದ ಕೂಡಲೇ ನನಗಾದ ಖುಷಿಯನ್ನು ಯಾವ ಕ್ರೈಟೀರಿಯಾದ ಕೆಳಗೆ ತೋರಿಸಲಿ?

ಹಾಗೆಯೇ ಸರಿಯಾಗಿ ಮಾಡಿದಾಗ ಕೊನೆಗೆ ಒಂದು ಹನಿಗೆ ಇಡೀ ದ್ರಾವಣ ತಿಳಿ ಗುಲಾಬಿಗೆ ತಿರುಗುತ್ತದಲ್ಲ, ಅದು ನಿಲ್ಲುತ್ತದೋ ಹೋಗುತ್ತದೋ ಅಂತ ಅರ್ಧ ನಿಮಿಷ ಕಾಯುತ್ತೇವೆ. ಆ ಅರ್ಧ ನಿಮಿಷ ಇಪ್ಪತ್ತು ಮಕ್ಕಳ ಬಾಯಿ ಬಂದ್. ಮೊಬೈಲ್ ಕೂಡ ನೋಡುವುದಿಲ್ಲ. ವರ್ಷಾನುಗಟ್ಟಲೆ ನೋಡಿದರೂ ನನಗೆ ಆ ಬಣ್ಣ ಹಳತಾಗಿಲ್ಲ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ ಹಿಸ್ಟರಿಯವರು "ನಿಮಗೇನಮ್ಮ, ಬಣ್ಣ ನೋಡ್ಕೊಂಡು ಸಂಬಳ" ಅನ್ನುತ್ತಾರೆ.

ಸಿಲೆಬಸ್ಸಿನಿಂದ ಕೂಡ ಒಂದು ಸುಖ ಸಿಕ್ಕಿತು ಅಂದರೆ ನೀವು ನಂಬಲಿಕ್ಕಿಲ್ಲ. 2021ರಲ್ಲಿ ನಮ್ಮಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದು ಡಿಗ್ರಿಯನ್ನು ನಾಲ್ಕು ವರ್ಷಕ್ಕೆ ಎಳೆಯಿತು, ಹಳೆ ನೋಟ್ಸನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಹೊಸ ಸಿಲೆಬಸ್ ಬಿಡಿಸಿ ನೋಡಿದರೆ ನನ್ನ ಪಾಲಿಗೆ ಬಂದ ಒಂದು ಯೂನಿಟ್ ಎಲ್ಲೋ ನೋಡಿದ ಮುಖ! ನಮ್ಮನೆಯವರನ್ನು ಏಣಿ ಹತ್ತಿಸಿ ಕಟ್ಟು ಇಳಿಸಿದೆ. ಧೂಳು, ಜಿರಲೆ, ಒಂದು ಹಳೆಯ ಮದುವೆ ಕಾಗದ, ಅದರಡಿಯಲ್ಲಿ ನನ್ನದೇ ಅಕ್ಷರದ ನೋಟ್ಸು. ಸೀನುತ್ತಾ ಸೀನುತ್ತಾ ಓದಿದೆ. ಪಾಲಿಸಿ ಬರಲಿ ಹೋಗಲಿ, ರದ್ದಿಯವನಿಗೆ ಮಾತ್ರ ಅವಸರದಲ್ಲಿ ಏನನ್ನೂ ಕೊಡಬಾರದು ಅಂತ ನಮ್ಮನೆಯವರು ಏಣಿಯ ಮೇಲಿಂದಲೇ ಹೇಳಿದರು. ಅವರದೂ ಒಂದು ಅಟ್ಟ ತುಂಬ ಹಳೇ ರೇಡಿಯೋ ಇದೆ, ಅದಕ್ಕೆ ಈ ಮಾತು.

ಬೆಸ ಸೆಮಿಸ್ಟರ್ ಮುಗಿಯುತ್ತಾ ಬರುವಾಗ ಅವರೆಕಾಯಿ ಕಾಲ. ಡಿಸೆಂಬರ್ ಚಳಿಗೆ ಸೊಗಡು ಏರಿದ ಕಾಯಿ ತಿಪಟೂರಿನ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಸಂಜೆ ಮನೆಗೆ ಹೋಗಿ ಸುಲಿದು, ನೆನೆಸಿ, ಹಿದುಕಿ ಅಡುಗೆ ಮಾಡುವಷ್ಟು ಹೊತ್ತು ಯಾರಿಗಿದೆ? ಹಾಗಾಗಿ ನಮ್ಮ ಮಹಿಳಾ ಸ್ಟಾಫ್ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ರಾತ್ರಿ ನೆನೆಸಿಟ್ಟ ಕಾಳನ್ನು ಡಬ್ಬಿಯಲ್ಲಿ ತಂದು, ಮೀಟಿಂಗಿನಲ್ಲಿ ಟೇಬಲ್ ಕೆಳಗೆ ಮಡಿಲಲ್ಲಿ ಇಟ್ಟುಕೊಂಡು ಹಿದುಕುವುದು. ಕಿವಿ ಪ್ರಿನ್ಸಿಪಾಲರ ಕಡೆ, ಬೆರಳು ಅವರೆಯ ಕಡೆ. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಿಚಕ್ಕನೆ ಈಚೆ ಬರುತ್ತದೆ. ಇನ್ನೊಂದು ಕೈ ಅಡ್ಡ ಹಿಡಿಯದಿದ್ದರೆ ಮಾತ್ರ ಅಪಾಯ.

ಅಪಾಯ ಆಗಿಯೇ ಆಯಿತು. ಬಾಟನಿಯವರು ಒತ್ತಿದ್ದು ಸ್ವಲ್ಪ ಜಾಸ್ತಿಯಾಗಿ ಒಂದು ಬೇಳೆ ಟೇಬಲ್ ದಾಟಿ ಹಾರಿ ಸೀದಾ ಪ್ರಿನ್ಸಿಪಾಲರ ಮುಂದೆ ತೆರೆದಿಟ್ಟ ಫೈಲಿನ ಮೇಲೆ ಕೂತಿತು. ಹಸಿರಾಗಿ, ಒದ್ದೆಯಾಗಿ, ಹೊಳೆಯುತ್ತಾ. ಅವರು ಮಾತು ನಿಲ್ಲಿಸಿದರು. ಕನ್ನಡಕ ಏರಿಸಿ ಅದನ್ನು ನೋಡಿದರು. ನಾವೆಲ್ಲ ಸೂರು ನೋಡಿದೆವು. ಪೂರ್ತಿ ಮೀಟಿಂಗಿನಲ್ಲಿ ಅಷ್ಟು ಶಿಸ್ತು ಅದೇ ಮೊದಲು. ಆಮೇಲೆ ಅವರು ಬೇಳೆಯನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, "ಸೊಗಡು ಚೆನ್ನಾಗಿದೆ. ನಾಳೆ ಡಬ್ಬಿಯಲ್ಲಿ ನಮಗೂ ಸ್ವಲ್ಪ ಬರಲಿ. ಈಗ ಕ್ರೈಟೀರಿಯಾ ಮೂರು" ಅಂದರು. ಮಾರನೆಯ ದಿನ ಹಿದುಕವರೆ ಬೇಳೆ ಸಾರು ಕುಡಿದ ಮೇಲೆ ಸಂಜೆಯ ಮೀಟಿಂಗನ್ನು ಅವರೇ ಕ್ಯಾನ್ಸಲ್ ಮಾಡಿದರು. ಎರಡಕ್ಕೂ ಸಂಬಂಧ ಇಲ್ಲ ಅಂತ ಅವರು ಹೇಳುತ್ತಾರೆ. ಈಗ ಅವರೆ ಕಾಲದಲ್ಲಿ ನಾವು ಸರದಿ ಹಾಕಿಕೊಂಡು ಸಾರು ತರುತ್ತೇವೆ.

ಇನ್ನು ಟ್ರೈನು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆದರೂ ನಾನು ದುಡ್ಡು ಕೊಟ್ಟು ಟ್ರೈನ್ ಪಾಸ್ ಮಾಡಿಸುತ್ತೇನೆ ಅಂತ ಮನೆಯಲ್ಲಿ ಎಲ್ಲರಿಗೂ ಬೇಜಾರು. ಬಸ್ಸಿನಲ್ಲಿ ಪೇಪರ್ ತಿದ್ದಲಾಗುವುದಿಲ್ಲ, ಹಂಪು ಬಂದಾಗ ಎರಡು ಮಾರ್ಕ್ಸ್ ಇಪ್ಪತ್ತೆರಡಾಗುತ್ತದೆ ಅಂತ ಕಾರಣ ಕೊಟ್ಟಿದ್ದೇನೆ. ನಿಜವಾದ ಕಾರಣ ಕಿಟಕಿ. ಕರಡಿ, ಬಾಣಸಂದ್ರ, ಅಮ್ಮಸಂದ್ರ ಅಂತ ಒಂದೊಂದೇ ಸ್ಟೇಷನ್ ಹಿಂದೆ ಸರಿಯುತ್ತಾ, ತೆಂಗಿನ ತೋಟದ ನಡುವೆ ಬಿಸಿಲು ಬಿಟ್ಟು ಬಿಟ್ಟು ಪೇಪರಿನ ಮೇಲೆ ಬೀಳುತ್ತದೆ. ಸಿಗ್ನಲ್ಲಿಗೆ ಅಂತ ಗಾಡಿ ಇಪ್ಪತ್ತು ನಿಮಿಷ ನಿಂತರೆ ಬೇರೆಯವರು ರೈಲ್ವೆಯನ್ನು ಬಯ್ಯುತ್ತಾರೆ, ನಾನು ಒಳಗೊಳಗೇ ಥ್ಯಾಂಕ್ಸ್ ಹೇಳುತ್ತೇನೆ.

ಮೊನ್ನೆ ಎದುರು ಸೀಟಿನಲ್ಲಿ ಗುಬ್ಬಿ ಕಡೆಯ ಯಜಮಾನರೊಬ್ಬರು. ತಿಪಟೂರಿಗೆ ಕೊಬ್ಬರಿ ಹಾಕಿ ವಾಪಸ್ ಹೊರಟವರು, ರೇಟು ಸಿಕ್ಕಿದ ಖುಷಿಯಲ್ಲಿದ್ದರು. ನಾನು ಕೆಂಪು ಪೆನ್ನು ತೆಗೆದದ್ದೇ ಕತ್ತು ಚಾಚಿದರು.

"ಪರೀಕ್ಷೆ ಪೇಪರ್ರಾ ಮೇಡಮ್ಮೋರೆ? ಎಷ್ಟ್ ತಿಂಗ್ಳಿಗೊಂದು?"

ಸೆಮಿಸ್ಟರ್ ಅಂದರೆ ಹೆಚ್ಚುಕಮ್ಮಿ ನಾಲ್ಕು ತಿಂಗಳ ಪಾಠ ಅಂದೆ.

"ನಾಕು ತಿಂಗ್ಳಿಗೆ ಏನಾಯ್ತದೆ? ನಮ್ ಕಾಯಿ ಅಟ್ಟದ್ ಮೇಲೆ ಹತ್ತು ಹನ್ನೊಂದ್ ತಿಂಗ್ಳು ಕೂತ್ರೆ ಉಂಡೆ ಕೊಬ್ಬರಿ ಆಗೋದು. ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ಬೇಕು. ನಾಕು ತಿಂಗ್ಳಿಗೆ ಒಡುದ್ರೆ ಹಸಿಕಾಯೇ ಸಿಗೋದು."

ನನ್ನ ಕೈಯಲ್ಲಿದ್ದ ಪೇಪರನ್ನು ನಾನು ಅನುಮಾನದಿಂದ ನೋಡಿದೆ. ಅಮೋನಿಯಾ ಅಣುವಿನಲ್ಲಿ ಬಾಂಡ್ ಕೋನ 109.5 ಡಿಗ್ರಿ ಇರುವ ಬದಲು 107 ಯಾಕಿದೆ ಅನ್ನುವುದು ಪ್ರಶ್ನೆ, ಐದು ಮಾರ್ಕ್ಸು. ಹುಡುಗ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಬರೆದಿದ್ದ: "ಲೋನ್ ಪೇರ್ ಒಂಟಿಯಾಗಿ ಇರುವುದರಿಂದ ಅದಕ್ಕೆ ಜಾಸ್ತಿ ಜಾಗ ಬೇಕು. ಆದ್ದರಿಂದ ಅದು ಪಕ್ಕದವರನ್ನು ತಳ್ಳುತ್ತದೆ." ಲೋನ್ ಪೇರ್ ಅಂದರೆ ಯಾವ ಬಾಂಡಿಗೂ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿ. ನಾನು ಮೂರು ಹಾಕಿದೆ.

"ಮೂರ್ಯಾಕೆ? ಸರಿಯಾಗೇ ಬರ್ದವ್ನಲ್ಲ" ಅಂದರು ಯಜಮಾನರು, ತಲೆಕೆಳಗಾಗಿಯೇ ಓದಿ ಮುಗಿಸಿ. ಆಮೇಲೆ ದನಿ ತಗ್ಗಿಸಿ, ಅವರ ಪಕ್ಕದಲ್ಲಿ ಕಾಲು ಅಗಲಿಸಿ ನಿದ್ದೆ ಹೊಡೆಯುತ್ತಿದ್ದವನ ಕಡೆ ಕಣ್ಣು ತೋರಿಸಿದರು. ಆತನ ಆಚೆ ಇಬ್ಬರು ಕಿಟಕಿಯ ಮೂಲೆಗೆ ಒತ್ತಿಕೊಂಡು ಕೂತಿದ್ದರು. "ಒಬ್ನೇ ಬಂದವ್ನೆ. ಜಾಗ ನೋಡಿ ಎಷ್ಟ್ ಬೇಕು ಅಂತ."

ನನಗೆ ನಗು ತಡೆಯಲಾಗಲಿಲ್ಲ. ನೀರಿನ ಅಣುವಿನಲ್ಲಿ ಇಂಥವರು ಎರಡು ಜೋಡಿ ಇದ್ದಾರೆ ಅಂದೆ.

"ಹಂಗಾರೆ ಇನ್ನೂ ಒತ್ತರಿಸ್ತಾವೆ."

ನೀರಿನ ಕೋನ 104.5! ಇದೇ ಮಾತನ್ನು ಕ್ಲಾಸಿನಲ್ಲಿ ಯಾರ ಬಾಯಿಂದಲಾದರೂ ಹೊರಡಿಸಲು ಎಷ್ಟು ಚಾಕ್‌ಪೀಸ್ ಸವೆಸಿದ್ದೇನೋ. ಯಜಮಾನರು ಒಂದು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು, ನನಗೂ ಒಂದು ಕೊಟ್ಟು, ಲಂಚ ಅಂತ ತಿಳ್ಕೋಬೇಡಿ ಅಂತ ಸೇರಿಸಿ, ಹುಡುಗನ ಪರ ವಾದ ಮುಂದುವರಿಸಿದರು. ರಿಪಲ್ಷನ್ ಅನ್ನುವ ಪದ ಬರೆದಿಲ್ಲ, ಚಿತ್ರ ಬಿಡಿಸಿಲ್ಲ ಅಂತ ನಾನು. ಪದ ಏನ್ ಮಾಡ್ತೀರಾ, ವಿಷ್ಯ ಗೊತ್ತೈತಲ್ಲ ಅಂತ ಅವರು. ಕಿಟಕಿ ಮೂಲೆಯ ಇಬ್ಬರೂ ಅವರ ಕಡೆ ಸೇರಿದರು, ಅವರಿಗೆ ಲೋನ್ ಪೇರಿನ ಅನುಭವ ಆಗಲೇ ಆಗುತ್ತಿತ್ತಲ್ಲ. ನಿಟ್ಟೂರು ಬರುವಷ್ಟರಲ್ಲಿ ಮೂರನ್ನು ಹೊಡೆದು ನಾಲ್ಕು ಮಾಡಿ ಇನಿಷಿಯಲ್ ಹಾಕಿದೆ. ಅವರು ನಾಲ್ಕೂವರೆ ಕೇಳುತ್ತಿದ್ದರು.

ಗುಬ್ಬಿಯಲ್ಲಿ ಇಳಿದವರು ಸೀದಾ ಮನೆಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಬಂದು ಕಂಬಿ ಹಿಡಿದುಕೊಂಡು ನಿಂತರು. "ಆ ಅರ್ಧ ಏನ್ ಮಾಡಿದ್ರಿ ಮೇಡಮ್ಮೋರೆ?" ಗಾಡಿ ಹಾರ್ನ್ ಹೊಡೆಯಿತು. ಅವರು ಬಿಡಲಿಲ್ಲ. ಗಾಲಿ ಉರುಳಲು ಶುರುವಾದ ಮೇಲೆ ಗತ್ಯಂತರವಿಲ್ಲದೆ ಅರ್ಧ ಹಾಕಿ, ಪೇಪರನ್ನು ಕಿಟಕಿಗೆ ಹಿಡಿದು ತೋರಿಸಿದೆ. ಆಮೇಲೇ ಅವರು ಕೈ ತೆಗೆದದ್ದು.