ಜೋಳದ ಬೇರಿಗೆ ಬಾಯಿ ಹಾಕಿದ ಕಳೆಗೆ ಮೇಲಿಂದ ಔಷಧಿ ಹೊಡೆದ್ರೆ ಆಗಲ್ಲ ಮಾರಾಯ್ರೆ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ, ಬರೆದೇ ಬಿಡ್ತೀನಿ. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಬೇಕಲ್ಲ, ಮೈಲುತುತ್ತ ತರೋಕೆ ಅಂತ ಶಿವಮೊಗ್ಗದಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ಹಿರೇಕೆರೂರು ಕಡೆಯ ಹಿರಿಯರೊಬ್ರು, ಮಗಳ ಮನೆಗೆ ಬಂದವರು, ಗೊಬ್ಬರದ ಚೀಲದ ತುಂಡಲ್ಲಿ ಜೋಳದ ಬುಡ ಮಣ್ಣು ಸಮೇತ ಸುತ್ಕೊಂಡು ನಿಂತಿದ್ರು. "ಇದೇನ್ ಕಸ ನೋಡ್ರಿ, ಕಿತ್ತಷ್ಟೂ ಬರ್ತೈತಿ, ಮಳಿ ಆದ್ರೂ ಜ್ವಾಳ ಬಾಡೇ ನಿಂತೈತ್ರಿ" ಅಂದ್ರು. ಕೌಂಟರಲ್ಲಿದ್ದವನು ಗಂಟು ಬಿಚ್ಚಿ ಕೂಡ ನೋಡ್ಲಿಲ್ಲ, ಕಳೆನಾಶಕದ ಬಾಟಲಿ ಮುಂದಿಟ್ಟ, "ಇದನ್ನ ಹೊಡೀರಿ, ಜೋಳ ಎದ್ದು ನಿಲ್ಲುತ್ತೆ" ಅಂದ.

ಎದ್ದು ನಿಲ್ಲಲ್ಲ. ಅದನ್ನೇ ಹೇಳೋಕೆ ಇಷ್ಟುದ್ದ ಬರೀತಾ ಇರೋದು.

ನಾನೇ ಆ ಬುಡ ಇಸ್ಕೊಂಡು ಹೊರಗಿನ ನಲ್ಲಿ ಕೆಳಗೆ ಹಿಡಿದೆ. ಗೇಣುದ್ದದ ಗಿಡ, ಮುಟ್ಟಿದ್ರೆ ಒರಟು ಎಲೆ, ಪುಟ್ಟ ಬಿಳಿ ಹೂವು. ಮಣ್ಣು ತೊಳೆದು ಹೋಗ್ತಾ ಇದ್ದ ಹಾಗೆ ಅದರ ಬೇರು ಜೋಳದ ಬೇರಿಗೆ ಕಚ್ಕೊಂಡಿರೋ ಜಾಗದಲ್ಲಿ ಸಣ್ಣ ಗಂಟು ಕಾಣಿಸ್ತು. ಮೆತ್ತಗೆ ಎಳೆದ್ರೂ ಬಿಡ್ಲಿಲ್ಲ, ಜೋಳದ ಬೇರೇ ಕಿತ್ಕೊಂಡು ಬಂತು. ಸ್ಟ್ರೈಗಾ, ಬೇರೆ ಗಿಡದ ಬೇರಿಗೆ ಅಂಟಿ ಬದುಕೋ ಪರಾವಲಂಬಿ ಕಳೆ. ನಾನು ಕೃಷಿ ಓದುವಾಗ ಕಪ್ಪು ಬಿಳುಪು ಚಿತ್ರದಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದು ನೋಡಿದ್ದು ಇವತ್ತೇ.

ನಮ್ಮ ಕಡೆಯೋರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ ಮಾವಿನ ಮರದ ಮೇಲೆ ಬದನಿಕೆ ಕೂತ ಹಾಗೆ ಇದು, ಆದ್ರೆ ಬದನಿಕೆ ಕಣ್ಣಿಗೆ ಕಾಣ್ಸತ್ತೆ, ಕತ್ತಿ ಹಾಕಿ ಕಡಿಬಹುದು. ಇದು ವಾರಗಟ್ಟಲೆ ಮಣ್ಣೊಳಗೇ ಇದ್ದು ಜೋಳದ ನೀರು, ಆಹಾರ ಹೀರಿ ಆಮೇಲೆ ತಲೆ ಎತ್ತೋದು. ನೀವು ಅದನ್ನ ನೋಡೋ ಹೊತ್ತಿಗೆ ಈ ಬೆಳೆಗೆ ಆಗಬೇಕಾದ ನಷ್ಟದಲ್ಲಿ ಬಹುಪಾಲು ಆಗಿ ಹೋಗಿರತ್ತೆ. ಆಗ ಬಾಟಲಿ ಮಾರೋದು ಎಂತ ನ್ಯಾಯ?

ಇದರ ಬೀಜ ಧೂಳಿನ ಹಾಗೆ, ಅರ್ಧ ಮಿಲಿಮೀಟರ್ ಕೂಡ ಇಲ್ಲ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸತ್ತೆ, ಅವು ಮಣ್ಣಲ್ಲಿ ಹತ್ತು ವರ್ಷದ ಮೇಲೂ ಜೀವ ಹಿಡ್ಕೊಂಡು ಇರ್ತವೆ, ಸುಮ್ಮನೆ ಮೊಳೆಯಲ್ಲ, ಪಕ್ಕದಲ್ಲಿ ಬೇರು ಇದೆ ಅಂತ ಗೊತ್ತಾದ್ರೆ ಮಾತ್ರ ಮೊಳೀತವೆ. ಹೇಗೆ ಗೊತ್ತಾಗತ್ತೆ ಅಂದ್ರೆ ಬೇರು ಬಿಡೋ ಒಂದು ರಾಸಾಯನಿಕದಿಂದ. 1966ರಲ್ಲಿ ಅಂಥದ್ದನ್ನ ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿಂದ, ಸ್ಟ್ರೈಗಾಲ್ ಅಂತ ಹೆಸರಿಟ್ರು. ಗಿಡ ತನ್ನ ಶತ್ರುವನ್ನ ಯಾಕೆ ಕರೀತದೆ ಅನ್ನೋದು 2005ರ ತನಕ ಒಗಟಾಗೇ ಇತ್ತು. ಆಗ ಜಪಾನಿನ ವಿಜ್ಞಾನಿಗಳು ತೋರಿಸಿದ್ರು, ಅದು ಬೇರಿನ ಜೊತೆ ಬದುಕಿ ಗಿಡಕ್ಕೆ ರಂಜಕ ತಂದುಕೊಡೋ ಮೈಕೊರೈಜಾ ಅನ್ನೋ ಮಣ್ಣಿನ ಶಿಲೀಂಧ್ರಕ್ಕೆ ಗಿಡ ಕೊಡೋ ಕರೆ, ರಂಜಕ ಸಾಲ್ತಾ ಇಲ್ಲ ಬಾ ಅಂತ. ಸ್ಟ್ರೈಗಾ ಆ ಕರೆ ಕದ್ದು ಕೇಳ್ತಾ ಇದೆ. ಬಡ ಮಣ್ಣಲ್ಲಿ ಕರೆ ಜೋರು, ಅದಕ್ಕೇ ಗೊಬ್ಬರ ಕಾಣದ ಹೊಲದಲ್ಲೇ ಇದರ ಕಾಟ ಜಾಸ್ತಿ. ಓದಿದಾಗೆಲ್ಲ ಮೈ ಜುಂ ಅನ್ನತ್ತೆ ನನಗೆ.

ಹತ್ತಿ ಇದಕ್ಕೆ ಆಸರೆ ಕೊಡಲ್ಲ, ಆದ್ರೆ ಅದರ ಬೇರು ಬೀಜನ ಮೊಳೆಸತ್ತೆ. ಮೊಳೆತದ್ದಕ್ಕೆ ಹಿಡ್ಕೊಳ್ಳೋಕೆ ಬೇರು ಸಿಗದೆ ಕೆಲವೇ ದಿನದಲ್ಲಿ ಸಾಯತ್ತೆ. ಅಲಸಂದೆ, ಸೋಯಾದಲ್ಲೂ ಕೆಲವು ತಳಿ ಇದೇ ಕೆಲಸ ಮಾಡ್ತವೆ. ಹಾವೇರಿ ಕಡೆ ಹತ್ತಿ, ಸೋಯಾ ಹೊಸದಾ? ಬೆಳೆ ಬದಲಾಯಿಸಿ ಅಂತ ಒಂದು ಮಾತು ಹೇಳೋಕೆ ಆ ಕೌಂಟರಲ್ಲಿ ಬಾಯಿ ಬರ್ಲಿಲ್ಲ, ಯಾಕಂದ್ರೆ ಆ ಮಾತಿಗೆ ಬಿಲ್ ಹಾಕೋಕೆ ಬರಲ್ಲ.

ಕಮೆಂಟಲ್ಲಿ ಬರೋದು ಗೊತ್ತು, ಆಳು ಸಿಗಲ್ಲ, ಕೈಯಲ್ಲಿ ಕೀಳೋರು ಯಾರು, ಔಷಧಿ ಹೊಡೆಯೋದೇ ಸುಲಭ ಅಂತ. ಹೌದು, ಹೂ ಬಿಡೋ ಮುಂಚೆ 2,4-ಡಿ ಅನ್ನೋ ಅಗಲ ಎಲೆ ಗಿಡ ಕೊಲ್ಲೋ ಕಳೆನಾಶಕ ಹೊಡೆದ್ರೆ ಬೀಜ ಕಟ್ಟೋದು ತಪ್ಪತ್ತೆ, ಮುಂದಿನ ವರ್ಷಕ್ಕೆ ಅದು ಉಪಯೋಗವೇ, ಹೊಲದಲ್ಲಿ ಕಡಲೆ, ತೊಗರಿ ಅಕ್ಕಡಿ ಇದ್ದರೆ ಅದೂ ಸುಡತ್ತೆ ಅನ್ನೋದು ಬೇರೆ. ಆದ್ರೆ ಅಂಗಡಿಯಲ್ಲಿ ಹೇಳಿದ್ದು ಅದಲ್ವಲ್ಲ! ಜೋಳ ಎದ್ದು ನಿಲ್ಲುತ್ತೆ ಅಂತ ಹೇಳಿದ್ದು. ಬಾಡಿದ ಪೈರು ನೋಡಿ ಎದೆ ಒಡ್ಕೊಂಡು ಬಂದ ಮನುಷ್ಯನಿಗೆ ಹೀಗೆ ಹೇಳಬಾರದು.

ಮಾಡೋ ಮನಸ್ಸಿದ್ರೆ ಆಗತ್ತೆ. ಅಮೆರಿಕದ ಕೆರೊಲಿನಾಗಳಲ್ಲಿ 1956ರಲ್ಲಿ ಇದು ಮೆಕ್ಕೆಜೋಳದಲ್ಲಿ ಕಾಣಿಸಿದಾಗ ಅವರು ಹೊಲಗಳಿಗೆ ದಿಗ್ಬಂಧನ ಹಾಕಿ, ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸಿ, ಬೆಳೆ ಇಲ್ಲದಾಗಲೇ ಬೀಜ ಮೊಳೆಸಿ ಕೊಂದ್ರು, ದಶಕಗಟ್ಟಲೆ ಬಿಡದೆ. ಅಷ್ಟು ದುಡ್ಡು ನಮ್ಮ ಹತ್ರ ಇಲ್ಲ, ಸರಿ. ಕೆನ್ಯಾದ ಸಣ್ಣ ರೈತರ ಹತ್ರ ಇತ್ತಾ? ಅಲ್ಲಿ ಮೆಕ್ಕೆಜೋಳದ ಸಾಲಿನ ಮಧ್ಯೆ ಡೆಸ್ಮೋಡಿಯಂ ಅನ್ನೋ ಮೇವಿನ ದ್ವಿದಳ ಗಿಡ, ಅಂಚಿಗೆ ನೇಪಿಯರ್ ಹುಲ್ಲು ಹಾಕ್ತಾರೆ. ಕಾಂಡ ಕೊರೆಯೋ ಹುಳು ತಡೆಯೋಕೆ ಅಂತ ಶುರು ಮಾಡಿದ್ದು, ಡೆಸ್ಮೋಡಿಯಂ ಬೇರು ಸ್ಟ್ರೈಗಾನೂ ತಡೀತು, ದನಕ್ಕೆ ಮೇವೂ ಆಯ್ತು. ಇಥಿಯೋಪಿಯಾದಲ್ಲಿ ಹುಟ್ಟಿದ ಗೆಬಿಸಾ ಎಜೆಟಾ ಅವರು ಬೀಜವನ್ನ ಎಬ್ಬಿಸೋ ರಾಸಾಯನಿಕ ಕಡಿಮೆ ಬಿಡೋ ಜೋಳದ ತಳಿ ಮಾಡಿದ್ರು, 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು ಅವರಿಗೆ.

ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ. ಎನ್ 13 ಅಂತ ಒಂದು ಜೋಳ ಇದೆ, ಅದರ ಬೇರಿನ ಗೋಡೆ ದಪ್ಪವಾಗಿ ಸ್ಟ್ರೈಗಾನ ಒಳಗೆ ಬಿಡಲ್ಲ. ಆ ಗುಣವನ್ನ ಸುಡಾನಿನ ರೈತರ ತಳಿಗಳಿಗೆ ಸೇರಿಸಿದ್ದಾರೆ. ಎನ್ 13 ಎಲ್ಲಿಯದು? ನಮ್ಮ ದೇಶದ್ದೇ! ನಮ್ಮ ನೆಲದ ಜೋಳದ ಗುಣ ಸುಡಾನಿನ ಹೊಲ ಮುಟ್ಟತ್ತೆ, ಹಿರೇಕೆರೂರಿನ ಅಜ್ಜನಿಗೆ ಮಾತ್ರ ಬಾಟಲಿ.

ಅವರಿಗೆ ನಾನು ಹೇಳಿ ಕಳಿಸಿದ್ದು ಇಷ್ಟು: ಹೂ ಬಿಟ್ಟಿರೋದನ್ನೆಲ್ಲ ಬೀಜ ಉದುರೋ ಮುಂಚೆ ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ, ಆ ಹೊಲದ ಮಣ್ಣು ಮೆತ್ತಿದ ಕುಂಟೆ, ನೇಗಿಲು ತೊಳೆಯದೆ ಬೇರೆ ಹೊಲಕ್ಕೆ ಇಳಿಸಬೇಡಿ, ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕೊಡಿ, ಮುಂದಿನ ವರ್ಷ ಅಲ್ಲಿ ಜೋಳ ಬೇಡ. ಬಾಟಲಿ ವಾಪಸ್ ಇಡಿಸಿದೆ, ಅಂಗಡಿಯವನು ಮುಖ ತಿರುಗಿಸಿದ. ತಿರುಗಿಸಲಿ. ನನ್ನ ಜೊತೆ ಓದಿದವರು ಎಷ್ಟೋ ಜನ ಈಗ ಇಲಾಖೆಯಲ್ಲಿ ಒಳ್ಳೊಳ್ಳೆ ಕುರ್ಚಿಯಲ್ಲಿದ್ದೀರಿ, ಇದನ್ನ ಓದೇ ಓದ್ತೀರಿ. ಮುಂಗಾರು ಬಿತ್ತನೆಗೆ ಮುಂಚೆ ಜೋಳ ಬೆಳೆಯೋ ಊರುಗಳಲ್ಲಿ ಒಂದು ಬುಡ ಕಿತ್ತು, ಬೇರು ತೊಳೆದು, ಆ ಗಂಟು ರೈತರ ಕೈಗೆ ಕೊಟ್ಟು ತೋರಿಸಿ. ಯಾರು ಕರೆದ್ರೂ ನಾನು ನನ್ನ ಬಸ್ ಚಾರ್ಜಲ್ಲೇ ಬರ್ತೀನಿ.